ರಾತ್ರಿ ಎರಡಕ್ಕೆ ತಾರಸಿಯಲ್ಲಿ ವಾಕಿಂಗ್

“ಏನ್ ಸಾರ್, ನಡುರಾತ್ರೀಲಿ ವಾಕಿಂಗು? ಷುಗರ್ ಬಂತಾ?”

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಕೇಳಿದರು. ನಮ್ಮ ಭಾವ ಉತ್ತರ ಕೊಡದೆ ಸುಮ್ಮನೆ ನಕ್ಕು ಒಳಗೆ ಬಂದರು. ಹಿಂದಿನ ರಾತ್ರಿ ಒಂದೂವರೆಗೆ ಎಚ್ಚರವಾಗಿ, ಮುಕ್ಕಾಲು ಗಂಟೆ ತಾರಸಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಓಡಾಡಿದ್ದರು. ಬಲಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು ಓಡಾಟ, ನೀರಿನ ಟ್ಯಾಂಕಿಗೆ ಹಣೆ ಆನಿಸಿ ಒಂದು ಗಳಿಗೆ ನಿಲ್ಲುವುದು, ಮತ್ತೆ ಓಡಾಟ. ಆ ಕಣ್ಣಲ್ಲಿ ನೀರು, ಅದೇ ಬದಿಯ ಮೂಗಲ್ಲೂ ನೀರು. ಎರಡೂಕಾಲಿಗೆ ಯಾರೋ ಸ್ವಿಚ್ ಆರಿಸಿದ ಹಾಗೆ ನೋವು ನಿಂತಿತು. ಕೆಳಗಿಳಿದು ಬಂದು ಮಲಗಿದರು. ಮೇಷ್ಟ್ರಿಗೆ ಕಂಡದ್ದು ವಾಕಿಂಗ್.

ಇದು ಕ್ಲಸ್ಟರ್ ತಲೆನೋವು. ಕ್ಲಸ್ಟರ್ ಅಂದರೆ ಗೊಂಚಲು. ಕೆಲವು ವಾರ, ಇಲ್ಲವೇ ಎರಡು ಮೂರು ತಿಂಗಳು ದಿನವೂ ಬಂದು ಕಾಡಿ, ಆಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಪತ್ತೆಯಿಲ್ಲದಂತೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಅವಧಿಗೆ ‘ಸೀಸನ್’ ಅಂತಲೇ ಹೆಸರು. ಇಲ್ಲೂ ಹಾಗೇ ಕರೆಯುತ್ತೇನೆ. ನೂರರಲ್ಲಿ ಹತ್ತು ಹದಿನೈದು ರೋಗಿಗಳಿಗೆ ಸೀಸನ್ ಮುಗಿಯುವುದೇ ಇಲ್ಲ. ವರ್ಷದಲ್ಲಿ ಮೂರು ತಿಂಗಳ ಬಿಡುವೂ ಸಿಗದ ಇವರದ್ದು ದೀರ್ಘಕಾಲಿಕ ಕ್ಲಸ್ಟರ್. ಹಲವು ಸಮೀಕ್ಷೆಗಳನ್ನು ಕೂಡಿಸಿ ತೆಗೆದ ಲೆಕ್ಕದಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗುವವರು ಹೆಚ್ಚುಕಡಿಮೆ ಸಾವಿರಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 6.11 ಕೋಟಿ ಜನರಿದ್ದರು. ಅದೇ ಲೆಕ್ಕ ಇಲ್ಲಿಗೂ ಹೊಂದುವುದಾದರೆ ಅರವತ್ತು ಸಾವಿರ ಮಂದಿ, ಒಂದು ತಾಲ್ಲೂಕು ಪಟ್ಟಣ ತುಂಬುವಷ್ಟು.

ಭಾವನ ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಒಂದು ದವಡೆಹಲ್ಲು ಕೀಳಿಸಿಯಾಗಿತ್ತು, ಎರಡು ಸಲ ಕನ್ನಡಕ ಬದಲಾಗಿತ್ತು, ಸೈನಸ್ ಅಂತ ಹಬೆ ತಗೊಂಡು ತಗೊಂಡು ಮೂಗಿನ ತುದಿ ಸುಲಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಸರು ಸಿಕ್ಕ ಮೇಲೆ ಉಪದೇಶ ಶುರುವಾಯಿತು. ಅದರಲ್ಲಿ ಮುಕ್ಕಾಲು ಪಾಲು ವ್ಯಾಯಾಮದ್ದೇ: ಓಡು, ಓಡಬೇಡ, ಪ್ರಾಣಾಯಾಮ ಮಾಡು, ಜಿಮ್ ಬಿಡು. ಪ್ರತಿಯೊಂದರಲ್ಲೂ ನಿಜದ ಒಂದು ಚೂರು ಸೇರಿಕೊಂಡಿರುತ್ತದೆ, ತೊಂದರೆ ಅದೇ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು.

ತಪ್ಪು ಕಲ್ಪನೆ: ಇದೂ ಅರೆತಲೆನೋವೇ, ಅಂದರೆ ಮೈಗ್ರೇನೇ. ಮೈ ಅಲುಗಿಸದೆ ಕತ್ತಲೆ ಕೋಣೆಯಲ್ಲಿ ಮಲಗಬೇಕು.

ವಾಸ್ತವ: ಎರಡೂ ತಲೆಯ ಒಂದೇ ಬದಿಗೆ ಬರಬಹುದು ನಿಜ. ಆದರೆ ಮೈಯ ಚಲನೆಯ ವಿಷಯಕ್ಕೆ ಬಂದರೆ ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುತ್ತವೆ. ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದಲ್ಲಿ ಮೈಗ್ರೇನನ್ನು ಗುರುತಿಸುವ ಲಕ್ಷಣಗಳಲ್ಲಿ ಒಂದು, ನಡೆಯುವುದು ಮೆಟ್ಟಿಲು ಹತ್ತುವುದು ಇಂಥ ಮಾಮೂಲಿ ಚಟುವಟಿಕೆಯಿಂದಲೂ ನೋವು ಹೆಚ್ಚುವುದು. ಅದೇ ವರ್ಗೀಕರಣ ಕ್ಲಸ್ಟರ್‌ಗೆ ಕೊಡುವ ಲಕ್ಷಣಗಳಲ್ಲಿ ಒಂದು, ಕೂರಲಾಗದ ನಿಲ್ಲಲಾಗದ ಚಡಪಡಿಕೆ. ಮೈಗ್ರೇನಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಕ್ಲಸ್ಟರಿನವರು ಬಾಗಿಲು ತೆಗೆದು ಹೊರಗೆ ಓಡುತ್ತಾರೆ.

ಉಳಿದ ವ್ಯತ್ಯಾಸಗಳೂ ಇವೆ. ಮದ್ದು ಮಾಡದೆ ಬಿಟ್ಟರೆ ಮೈಗ್ರೇನ್ 4ರಿಂದ 72 ಗಂಟೆ ಇರುತ್ತದೆ, ಕ್ಲಸ್ಟರ್‌ನ ಒಂದು ದಾಳಿ 15ರಿಂದ 180 ನಿಮಿಷ. ಆದರೆ ಅದು ದಿನಕ್ಕೆ ಎಂಟು ಸಲದವರೆಗೂ ಬರಬಹುದು. ನೋವು ಕಣ್ಣಿನ ಸುತ್ತ, ಹುಬ್ಬಿನ ಮೇಲೆ ಅಥವಾ ಕಣತಲೆಯ ಕಡೆ. ಅದೇ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಮೂಗು ಕಟ್ಟುತ್ತದೆ ಅಥವಾ ಸೋರುತ್ತದೆ. ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರ ಕೆರಳಿದಾಗ, ಅದರ ಜೊತೆ ಕೊಂಡಿ ಇರುವ, ಕಣ್ಣೀರು ಸಿಂಬಳಗಳನ್ನು ಹರಿಸುವ ಅನೈಚ್ಛಿಕ ನರಗಳೂ ಕೆರಳುತ್ತವೆ. ಸೈನಸ್ ಎಂದು ಮೋಸಹೋಗುವುದು ಇಲ್ಲೇ.

ಹಾಗಾಗಿ ದಾಳಿಯ ಹೊತ್ತಲ್ಲಿ “ಸುಮ್ನೆ ಮಲಕ್ಕೊಳ್ರೀ” ಅಂತ ತೋಳು ಹಿಡಿದು ಮಲಗಿಸಲು ಹೋಗಬೇಡಿ. ಅಕ್ಕ ಮೊದಮೊದಲು ಹಾಗೇ ಮಾಡುತ್ತಿದ್ದಳು. ಮಲಗಿದರೆ ನೋವು ಇನ್ನೂ ತಾರಕಕ್ಕೆ ಹೋಗುತ್ತಿತ್ತು.

ತಪ್ಪು ಕಲ್ಪನೆ: ಓಡಾಡಿದ್ದರಿಂದಲೇ ನೋವು ಇಳಿಯಿತು. ಅಂದರೆ ದಾಳಿ ಬಂದಾಗ ವ್ಯಾಯಾಮವೇ ಮದ್ದು.

ವಾಸ್ತವ: ಮೇಲೆ ಹೇಳಿದ 180 ನಿಮಿಷದ ಲೆಕ್ಕವನ್ನು ಇಲ್ಲಿ ನೆನಪಿಡಬೇಕು. ದಾಳಿ ತಾನಾಗಿಯೇ ಮುಗಿಯುವಂಥದ್ದು. ಮುಗಿಯುವ ಮುಂಚೆ ಏನು ಮಾಡಿದರೂ ಅದಕ್ಕೇ ಪುಣ್ಯ ಸಲ್ಲುತ್ತದೆ: ಓಡಿದ್ದಕ್ಕೆ, ಐಸ್ ಇಟ್ಟುಕೊಂಡದ್ದಕ್ಕೆ, ಅಮೃತಾಂಜನ ಬಳಿದದ್ದಕ್ಕೆ, ದೃಷ್ಟಿ ತೆಗೆದದ್ದಕ್ಕೆ. ಓಡಾಟ ಈ ನೋವಿನ ಲಕ್ಷಣ. ಚಿಕಿತ್ಸೆಯೆಂದು ಕರೆಯಲು ಬೇರೆ ಸಾಕ್ಷಿ ಬೇಕು.

ಹಾಗಂತ ಈ ಮಾತನ್ನು ಪೂರ್ತಿ ಗಾಳಿಗೆ ತೂರಲಾರೆ. ದಾಳಿ ಶುರುವಾಗುವ ಸೂಚನೆ ಸಿಕ್ಕ ತಕ್ಷಣ, ನೋವು ಏರುವ ಮುಂಚೆ, ಬಸ್ಕಿ ಹೊಡೆದು, ಮೆಟ್ಟಿಲನ್ನು ದಡದಡ ಹತ್ತಿ ಇಳಿದು, ನಿಂತಲ್ಲೇ ಓಡಿ ನೋವನ್ನು ಮೊಳಕೆಯಲ್ಲೇ ಚಿವುಟಿದೆವು ಅನ್ನುವ ರೋಗಿಗಳಿದ್ದಾರೆ. ವೈದ್ಯಕೀಯ ಬರಹಗಳಲ್ಲೂ ಇಂಥ ಬಿಡಿ ವರದಿಗಳು ಕಾಣುತ್ತವೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಒಂದಷ್ಟು ಜನರನ್ನು ಓಡಿಸಿ, ಇನ್ನೊಂದಷ್ಟು ಜನರನ್ನು ಓಡಿಸದೆ, ಎರಡೂ ಗುಂಪನ್ನು ಹೋಲಿಸಿ ನೋಡಿದ ಗಟ್ಟಿ ಪ್ರಯೋಗದ ಬಲ ಈ ಮಾತಿಗಿಲ್ಲ. ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿ ದಾಳಿ ನಿಲ್ಲಿಸುವ ಮದ್ದುಗಳ ಸಾಲಿನಲ್ಲಿ ವ್ಯಾಯಾಮ ಇಲ್ಲ. ಅಲ್ಲಿರುವುದು ಶುದ್ಧ ಆಮ್ಲಜನಕ, ಚರ್ಮದಡಿ ಚುಚ್ಚುವ 6 ಮಿಲಿಗ್ರಾಂ ಸುಮಾಟ್ರಿಪ್ಟಾನ್, ಅದೇ ಗುಂಪಿನ, ಮೂಗಿಗೆ ಸಿಂಪಡಿಸುವ ಟ್ರಿಪ್ಟಾನ್ ಮದ್ದುಗಳು. ನುಂಗುವ ನೋವಿನ ಮಾತ್ರೆ ಹೊಟ್ಟೆಯಲ್ಲಿ ಕರಗಿ ಕೆಲಸ ಶುರುಮಾಡುವಷ್ಟರಲ್ಲಿ ದಾಳಿ ತನ್ನ ಪಾಡಿಗೆ ಮುಗಿದಿರುತ್ತದೆ.

ಯಾರಿಗಾದರೂ ಬಸ್ಕಿಯಿಂದ ಉಪಕಾರವಾಗುತ್ತಿದ್ದರೆ, ಹೃದಯ ಗಟ್ಟಿಯಿದ್ದರೆ, ಹೊಡೆಯಲಿ. ಅದನ್ನು ನೆಚ್ಚಿ ಸೂಜಿಮದ್ದನ್ನು ಮೇಜಿನ ಡ್ರಾಯರಿನಲ್ಲಿ ಬಿಟ್ಟು ಬರುವುದು ಬೇಡ. ಸುಮಾಟ್ರಿಪ್ಟಾನ್ ಚುಚ್ಚಿಕೊಂಡ ಮೇಲೆ ಓಡುವುದೂ ಬೇಡ. ಆ ಮದ್ದು ಕೆಲವರಿಗೆ ಎದೆ, ಗಂಟಲು ಬಿಗಿಹಿಡಿದ ಹಾಗೆ ಮಾಡುತ್ತದೆ. ಓಡುತ್ತ ಎದೆ ಬಿಗಿದರೆ ಅದು ಮದ್ದಿನದ್ದೋ ಹೃದಯದ್ದೋ ಎಂದು ತಿಳಿಯುವುದು ಹೇಗೆ?

ತಪ್ಪು ಕಲ್ಪನೆ: ಆಮ್ಲಜನಕದಿಂದ ವಾಸಿಯಾಗುತ್ತದಲ್ಲ? ಹಾಗಾದರೆ ಜೋರಾಗಿ ಉಸಿರಾಡಿದರೆ ಸಾಕು. ಭಸ್ತ್ರಿಕಾ ಮಾಡಿ, ಬೆಳಗಿನ ಗಾಳಿಯಲ್ಲಿ ಓಡಿ.

ವಾಸ್ತವ: ಕೇಳಲು ಎಷ್ಟು ಚೆನ್ನಾಗಿದೆ ಈ ತರ್ಕ! ಒಬ್ಬ ಇಂಜಿನಿಯರ್ ನೆಂಟರು ಇದನ್ನು ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟವಾಗಿ ವಿವರಿಸಿದ್ದರು. ಆದರೆ ಲೆಕ್ಕ ತಪ್ಪು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21. ಕಬ್ಬನ್ ಪಾರ್ಕಿನಲ್ಲೂ ಅಷ್ಟೇ, ಮೆಜೆಸ್ಟಿಕ್ಕಿನಲ್ಲೂ ಅಷ್ಟೇ. ಆರೋಗ್ಯವಂತ ಶ್ವಾಸಕೋಶ ಇದ್ದವರ ರಕ್ತದ ಹಿಮೋಗ್ಲೋಬಿನ್ ಕುಳಿತಲ್ಲೇ ಶೇ. 97, 98ರಷ್ಟು ತುಂಬಿರುತ್ತದೆ. ಕೊಡ ಆಗಲೇ ಕಂಠದ ತನಕ ತುಂಬಿದೆ. ಎಷ್ಟು ಜೋರಾಗಿ ನಲ್ಲಿ ತಿರುಗಿಸಿದರೂ ಅಷ್ಟೇ. ತೀರಾ ಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಚಿಕಿತ್ಸೆಯಲ್ಲಿ ಕೊಡುವುದು ಬೇರೆಯದೇ ಪ್ರಮಾಣದ ವಸ್ತು: ಶೇ. 100 ಆಮ್ಲಜನಕ, ನಿಮಿಷಕ್ಕೆ 12ರಿಂದ 15 ಲೀಟರ್, ಹೊರಗಾಳಿ ಬೆರೆಯದಂತೆ ಚೀಲವಿರುವ ಮಾಸ್ಕಿನಲ್ಲಿ, ಹದಿನೈದು ಇಪ್ಪತ್ತು ನಿಮಿಷ.

ಇದಕ್ಕೆ ಒಂದು ಸೊಗಸಾದ ಸಾಕ್ಷಿ ಇದೆ. ಕ್ಯಾಲಿಫೋರ್ನಿಯಾದ ಲೀ ಕುಡ್ರೋ 1981ರಲ್ಲಿ ಆಮ್ಲಜನಕದ ಪರಿಣಾಮವನ್ನು ಪ್ರಕಟಿಸಿದ್ದರು. ಮುಂದೆ 2009ರಲ್ಲಿ ಲಂಡನ್ನಿನ ಕೋಹೆನ್, ಬರ್ನ್ಸ್ ಮತ್ತು ಗೋಡ್ಸ್‌ಬಿ ದೊಡ್ಡ ಪ್ರಯೋಗವನ್ನೇ ಮಾಡಿದರು. ಅದರಲ್ಲಿ ಹೋಲಿಕೆಗೆ ಬಳಸಿದ್ದು ಏನು ಗೊತ್ತೆ? ಮಾಮೂಲಿ ಗಾಳಿ. ಅದೇ ಮಾಸ್ಕ್, ಅದೇ ನಿಮಿಷಕ್ಕೆ 12 ಲೀಟರ್ ರಭಸ, ಸಿಲಿಂಡರಿನೊಳಗೆ ಮಾತ್ರ ಬರೀ ಗಾಳಿ. ಹದಿನೈದು ನಿಮಿಷದಲ್ಲಿ ನೋವು ಹೋದದ್ದು ಆಮ್ಲಜನಕ ಕೊಟ್ಟ ದಾಳಿಗಳಲ್ಲಿ ಶೇ. 78, ಗಾಳಿ ಕೊಟ್ಟ ದಾಳಿಗಳಲ್ಲಿ ಶೇ. 20. ಗಾಳಿಗೂ ಆ ಇಪ್ಪತ್ತು ಸಿಕ್ಕಿತಲ್ಲ, ಬಸ್ಕಿಗೂ ಭಸ್ತ್ರಿಕಾಕ್ಕೂ ಮನೆಮನೆಯಲ್ಲಿ ಹೆಸರು ತಂದುಕೊಡುವುದು ಅಂಥ ಇಪ್ಪತ್ತೇ ಇರಬಹುದು ಎಂದು ನನ್ನ ಗುಮಾನಿ.

ಸಿಲಿಂಡರಿನ ಮಾತು ಬಂತು. 2021ರ ಕೊರೊನಾ ಎರಡನೇ ಅಲೆಯಲ್ಲಿ ಆಮ್ಲಜನಕದ ಕಾನ್ಸಂಟ್ರೇಟರ್ ಎಂಬ ಪದ ನಮ್ಮೂರಿನ ಕಿರಾಣಿ ಅಂಗಡಿಯವರಿಗೂ ಬಾಯಿಪಾಠವಾಯಿತು. ಆಗ ಕೊಂಡ 5 ಲೀಟರಿನ ಯಂತ್ರ ಅಟ್ಟದ ಮೇಲಿದೆ, ಅದನ್ನೇ ಬಳಸೋಣ ಅಂದುಕೊಂಡರೆ ಈ ಕಾಯಿಲೆಗೆ ಅದರ ರಭಸ ಸಾಲದು. ಸಿಲಿಂಡರೇ ಬೇಕು, ವೈದ್ಯರ ಚೀಟಿ ಬೇಕು, ಹತ್ತಿರ ಬೀಡಿ ಸಿಗರೇಟು ದೀಪ ಯಾವುದೂ ಇರಕೂಡದು. ಶ್ವಾಸಕೋಶದ ದೀರ್ಘ ಕಾಯಿಲೆ ಇದ್ದವರು ಕೇಳದೆ ಮುಟ್ಟಬಾರದು.

ತಪ್ಪು ಕಲ್ಪನೆ: ಓಡಿ ಬಂದ ಮೇಲೆಯೇ ದಾಳಿ ಬಂತು. ವ್ಯಾಯಾಮವೇ ಇದಕ್ಕೆ ಮೂಲ, ಬಿಟ್ಟುಬಿಡಿ.

ವಾಸ್ತವ: ಮೂಲ ಇರುವುದು ಮಿದುಳಿನ ಆಳದಲ್ಲಿ, ಹೈಪೊಥಲಮಸ್ ಎಂಬ ಜಾಗದ ಆಸುಪಾಸು. ನಿದ್ದೆ, ಎಚ್ಚರ, ಮೈಶಾಖ, ಹಾರ್ಮೋನುಗಳ ದಿನಚರಿ ನೋಡಿಕೊಳ್ಳುವ ಗಡಿಯಾರ ಇರುವುದೂ ಅಲ್ಲೇ. ದಾಳಿ ಸಾಮಾನ್ಯವಾಗಿ ಮಲಗಿದ ಒಂದೆರಡು ಗಂಟೆಗೆ, ದಿನವೂ ಅದೇ ಹೊತ್ತಿಗೆ ಬರುವುದು, ಕೆಲವರಿಗೆ ಪ್ರತಿವರ್ಷ ಅದೇ ತಿಂಗಳಲ್ಲಿ ಸೀಸನ್ ಶುರುವಾಗುವುದು ಈ ಗಡಿಯಾರದ ಕಡೆಗೇ ಬೊಟ್ಟು ಮಾಡುತ್ತವೆ. 1998ರಲ್ಲಿ ಅರ್ನೆ ಮೇ, ಪೀಟರ್ ಗೋಡ್ಸ್‌ಬಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ ರಕ್ತನಾಳ ಹಿಗ್ಗಿಸುವ ನೈಟ್ರೊಗ್ಲಿಸರಿನ್ ಮದ್ದು ಕೊಟ್ಟು ದಾಳಿ ಬರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಆ ಜಾಗ ಚುರುಕಾಗಿರುವುದು ಕಂಡಿತು. ಅದಕ್ಕಿಂತ ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು: ಸೀಸನ್ ಇಲ್ಲದ ರೋಗಿಗಳಿಗೆ ಅದೇ ನೈಟ್ರೊಗ್ಲಿಸರಿನ್ ಕೊಟ್ಟರೂ ದಾಳಿ ಬರಲಿಲ್ಲ. ಬೇಸಿಗೆಯ ಬಣವೆಗೆ ಒಂದು ಕಿಡಿ ಸಾಕು. ಮಳೆಯಲ್ಲಿ ನೆನೆದ ಬಣವೆಗೆ ಬೆಂಕಿಪೊಟ್ಟಣ ಖಾಲಿ ಮಾಡಿದರೂ ಹೊಗೆಯೇ ಹೊರತು ಬೆಂಕಿ ಇಲ್ಲ.

ವ್ಯಾಯಾಮವೂ ಕೆಲವರಿಗೆ ಅಂಥ ಕಿಡಿ. 1999ರಲ್ಲಿ ಬ್ಲಾ ಮತ್ತು ಎಂಗೆಲ್ ಎಂಬ ಇಬ್ಬರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಮೈಶಾಖ ಏರುವುದರಿಂದ ದಾಳಿ ಬರುವ ರೋಗಿಗಳ ಬಗ್ಗೆ ಬರೆದರು: ಸೆಖೆ, ಬಿಸಿನೀರ ಸ್ನಾನ, ಮೈ ಬಿಸಿಯಾಗುವಂಥ ವ್ಯಾಯಾಮ. ಎಲ್ಲ ರೋಗಿಗಳಿಗೂ ಹೀಗಾಗುವುದಿಲ್ಲ, ಆಗುವವರಿಗೂ ಸೀಸನ್ನಿನಲ್ಲಿ ಮಾತ್ರ.

ಅಪರಾಧಿಯನ್ನು ಹಿಡಿಯುವ ಮುಂಚೆ ಅವನ ಜೊತೆಗಾರರನ್ನೂ ವಿಚಾರಿಸಬೇಕು. ಭಾನುವಾರದ ಶಟಲ್ ಆಟವನ್ನೇ ತಗೊಳ್ಳಿ. ಎರಡು ಗಂಟೆ ಆಡಿದ್ದಾಯಿತು. ಆಮೇಲೆ ಹಂಡೆಯ ಬಿಸಿನೀರು, ಅದಾದ ಮೇಲೆ ಗೆಳೆಯರ ಜೊತೆ ಒಂದು ಬಿಯರು, ಊಟ, ಮಧ್ಯಾಹ್ನ ಸುಸ್ತಿಗೆ ಒಂದು ನಿದ್ದೆ. ಮೂರೂವರೆಗೆ ದಾಳಿ. “ಶಟಲ್ ಆಡಿದ್ದೇ ತಪ್ಪಾಯ್ತು” ಅನ್ನುತ್ತಾರೆ. ಸೀಸನ್ನಿನಲ್ಲಿ ಅತ್ಯಂತ ಖಚಿತವಾಗಿ ದಾಳಿ ತರುವ ವಸ್ತು ಮದ್ಯ. ಕುಡಿದ ಸ್ವಲ್ಪ ಹೊತ್ತಿಗೇ ತರುತ್ತದೆ. ಹಗಲು ನಿದ್ದೆಯೂ ಹಲವರಿಗೆ ಆಗುವುದಿಲ್ಲ. ದುಡಿತದ ಹೊತ್ತಿಗಿಂತ ಮೈ ಸಡಿಲಬಿಟ್ಟ ಹೊತ್ತೇ ದಾಳಿಗೆ ಇಷ್ಟ ಎಂದು ರೋಗಿಗಳು ಹೇಳುವುದುಂಟು. ಪಾಪ, ಶಟಲ್ ಬ್ಯಾಟು ನಾಲ್ವರು ಆರೋಪಿಗಳಲ್ಲಿ ಒಂದು ಮಾತ್ರ.

ಭಾವ ಮಾಡಿದ ಕೆಲಸ ಸರಳ. ಕ್ಯಾಲೆಂಡರಿನ ಪ್ರತಿ ದಿನದ ಚೌಕದಲ್ಲಿ ಮೂರು ಸಂಗತಿ ಬರೆದರು: ದಾಳಿ ಎಷ್ಟು ಗಂಟೆಗೆ, ಅದಕ್ಕೆ ಮುಂಚಿನ ಮೂರು ತಾಸು ಏನು ಮಾಡಿದೆ, ಯಾವ ಮದ್ದು ತಗೊಂಡೆ. ಎರಡು ಸೀಸನ್ ಕಳೆಯುವಷ್ಟರಲ್ಲಿ ಗೊತ್ತಾಯಿತು, ನಡಿಗೆಯಿಂದ ಅವರಿಗೆ ಏನೂ ಆಗುವುದಿಲ್ಲ. ಜಿಮ್ಮಿನ ಮುಚ್ಚಿದ ಕೋಣೆಯಲ್ಲಿ ಬೆವರು ಸುರಿಸಿದ ದಿನ ಆಗುತ್ತದೆ. ಇನ್ನೊಬ್ಬರ ಕ್ಯಾಲೆಂಡರ್ ಬೇರೆ ಹೇಳಬಹುದು. ಇಂಥ ಲೆಕ್ಕ ಇಟ್ಟವರು ಸೀಸನ್ನಿನಲ್ಲಿ ತಮಗೆ ಆಗದ ಒಂದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಬಹುದು. ಹೊತ್ತು ಮಾತ್ರ ದಾಳಿ ಬರದ ಹೊತ್ತಾಗಿರಲಿ, ಮದ್ದು ಕೈಗೆಟಕುವಂತಿರಲಿ. ಒಬ್ಬರೇ ಬಾವಿಗೋ ಕೆರೆಗೋ ಈಜಲು ಇಳಿಯುವುದು, ಜೊತೆಗಾರರಿಲ್ಲದೆ ಎದೆಯ ಮೇಲೆ ಭಾರದ ಕಬ್ಬಿಣ ಎತ್ತುವುದು ಸೀಸನ್ ಮುಗಿಯುವವರೆಗೆ ಬೇಡ. ಐದೇ ನಿಮಿಷದಲ್ಲಿ ಕಣ್ಣು ಬಿಡಲಾಗದಷ್ಟು ನೋವು ಏರಬಲ್ಲದು.

ಜಿಮ್ಮಿನವರು ಕೊಡುವ ವ್ಯಾಯಾಮ ಪೂರ್ವದ ಪುಡಿಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹಲವು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ರಕ್ತನಾಳ ಹಿಗ್ಗಿಸುತ್ತೇವೆಂದು ಡಬ್ಬಿಯ ಮೇಲೆಯೇ ಹೇಳಿಕೊಳ್ಳುತ್ತವೆ. ನೈಟ್ರೊಗ್ಲಿಸರಿನ್ ಕೆಲಸ ಮಾಡುವ ದಾರಿಯೂ ಅದೇ. ಈ ಪುಡಿಯಿಂದ ದಾಳಿ ಬಂದೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ, ಆದರೆ ಸೀಸನ್ನಿನಲ್ಲಿ ಆ ಡಬ್ಬಿ ತೆರೆಯುವ ದರ್ದು ಏನಿದೆ?

ತಪ್ಪು ಕಲ್ಪನೆ: ದಿನಾ ಯೋಗ ಮಾಡಿ, ಮತ್ತೆ ಬರುವುದೇ ಇಲ್ಲ. ನಮ್ಮ ಪರಿಚಯದವರಿಗೆ ಇಪ್ಪತ್ತೇ ದಿನದಲ್ಲಿ ನಿಂತುಹೋಯಿತು.

ವಾಸ್ತವ: ನಿಂತಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಸೀಸನ್ ಎರಡು ತಿಂಗಳಿನದು ಅನ್ನಿ. ಮೊದಲ ವಾರ ಶೀತ ಅಂದುಕೊಳ್ಳುತ್ತಾರೆ, ಎರಡನೇ ವಾರ ಕಣ್ಣಿನ ಡಾಕ್ಟರು, ಮೂರನೇ ವಾರ ಹಲ್ಲಿನ ಡಾಕ್ಟರು, ನಾಲ್ಕೈದನೇ ವಾರ ಸ್ಕ್ಯಾನು. ಆರನೇ ವಾರ ಹತಾಶರಾಗಿ ಯೋಗದ ತರಗತಿಗೆ ಸೇರುತ್ತಾರೆ. ಎಂಟನೇ ವಾರ ನೋವು ನಿಲ್ಲುತ್ತದೆ, ಅದು ಹೇಗಿದ್ದರೂ ನಿಲ್ಲುವುದಿತ್ತು. ಕೊನೆಗೆ ಕೈಹಾಕಿದವರಿಗೆ ಕೀರ್ತಿ. ಮುಂದಿನ ವರ್ಷ ಯೋಗ ಮಾಡುತ್ತಿರುವಾಗಲೇ ಸೀಸನ್ ಬಂದರೆ “ನೀವು ಸರಿಯಾಗಿ ಮಾಡಿಲ್ಲ” ಎಂಬ ಮಾತು ಸಿದ್ಧ. ಈ ಕೊನೆಯ ಮಾತು ನನಗೆ ಸಹಿಸಲಾಗದು. ನೋವಿನ ಮೇಲೆ ತಪ್ಪಿತಸ್ಥ ಎಂಬ ಹೊರೆಯನ್ನೂ ಹೊರಿಸುತ್ತದೆ.

ಸೀಸನ್ನನ್ನು ತಡೆಯಲು ಇರುವ ಮದ್ದುಗಳಲ್ಲಿ ಮೊದಲನೆಯದು ವೆರಪಮಿಲ್. ಅದು ಕೆಲಸ ಶುರುಮಾಡುವವರೆಗೆ ಕೆಲವು ದಿನದ ಪ್ರೆಡ್ನಿಸೊಲೋನ್, ಅಥವಾ ತಲೆಯ ಹಿಂಭಾಗದ ಆಕ್ಸಿಪಿಟಲ್ ನರದ ಬಳಿ ಚುಚ್ಚುಮದ್ದು; ಲಿಥಿಯಂ, ಟೋಪಿರಮೇಟ್ ಕೂಡ ಬಳಕೆಯಲ್ಲಿವೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಬಿಟ್ಟುಬಿಟ್ಟು ಬರುವ ಬಗೆಯ ಕ್ಲಸ್ಟರ್‌ಗೆ ಗ್ಯಾಲ್ಕನೆಜುಮಾಬ್ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟರು. ಆಸನ, ಧ್ಯಾನಗಳಿಂದ ಮನಸ್ಸಿಗೆ ನೆಮ್ಮದಿ ಸಿಗುವವರು ಖಂಡಿತ ಮಾಡಲಿ. ಶೀರ್ಷಾಸನ, ಕಪಾಲಭಾತಿ, ಬಿಸಿಕೋಣೆಯ ಯೋಗ ಇವನ್ನು ಸೀಸನ್ನಿನಲ್ಲಿ ಬದಿಗಿಡುವುದು ಲೇಸು ಅನ್ನುವುದು ನನ್ನ ಅಭಿಪ್ರಾಯ, ವಿಜ್ಞಾನದ ತೀರ್ಪಲ್ಲ.

ತಪ್ಪು ಕಲ್ಪನೆ: ಹಾಗಾದರೆ ಈ ಕಾಯಿಲೆಯವರಿಗೆ ವ್ಯಾಯಾಮದಿಂದ ಪ್ರಯೋಜನವೇ ಇಲ್ಲ.

ವಾಸ್ತವ: ತಲೆಯನ್ನು ಬಿಟ್ಟು ಎದೆಯ ಕಡೆ ನೋಡಿ. ಕ್ಲಸ್ಟರ್ ರೋಗಿಗಳಲ್ಲಿ ಬಹುಪಾಲು ಜನ ಧೂಮಪಾನಿಗಳು ಅಥವಾ ಹಿಂದೆ ಸೇದುತ್ತಿದ್ದವರು. ಸಿಗರೇಟು ಬಿಟ್ಟ ಮಾತ್ರಕ್ಕೆ ತಲೆನೋವು ನಿಲ್ಲುವ ಭರವಸೆ ಇಲ್ಲ, ಆದರೆ ಹೃದಯದ ಮಾತೇ ಬೇರೆ. ಹೃದಯದ ರಕ್ತನಾಳ ಕಟ್ಟಿದವರಿಗೆ, ಹತೋಟಿ ತಪ್ಪಿದ ಬಿ.ಪಿ. ಇರುವವರಿಗೆ ಟ್ರಿಪ್ಟಾನ್ ಕೊಡುವಂತಿಲ್ಲ, ಅದು ರಕ್ತನಾಳವನ್ನು ಕುಗ್ಗಿಸುತ್ತದೆ. ಅಂದರೆ ಐವತ್ತನೇ ವಯಸ್ಸಿಗೆ ಹೃದಯ ಕೆಟ್ಟರೆ, ಹತ್ತು ನಿಮಿಷದಲ್ಲಿ ನೋವು ಇಳಿಸುವ ಸೂಜಿಯೇ ಕೈತಪ್ಪುತ್ತದೆ. ಬಿಡುವಿನ ತಿಂಗಳುಗಳಲ್ಲಿ ನಡೆದ ಒಂದೊಂದು ಮೈಲಿಯೂ ಆ ಸೂಜಿಯನ್ನು ಕಾಪಾಡಿಕೊಳ್ಳುವ ದಾರಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ವ್ಯಾಯಾಮ ಇವರಿಗೂ ಅನ್ವಯಿಸುತ್ತದೆ. ಸೀಸನ್ ಮುಗಿದ ಮೇಲೆ ಹೆದರಿಕೆಯಿಂದ ಮಂಚ ಹಿಡಿಯುವುದಕ್ಕೆ ಕಾರಣವೇ ಇಲ್ಲ, ಬಣವೆ ನೆನೆದಿದೆ.

ತಪ್ಪು ಕಲ್ಪನೆ: ಮಾತ್ರೆ ತಲೆಗೆ, ವ್ಯಾಯಾಮ ಮೈಗೆ. ಒಂದಕ್ಕೊಂದು ಸಂಬಂಧವಿಲ್ಲ.

ವಾಸ್ತವ: ಬಹಳ ಇದೆ, ಮತ್ತು ಇದನ್ನು ಹೇಳುವವರು ಕಡಿಮೆ. ವೆರಪಮಿಲ್ ಮೂಲತಃ ಹೃದಯದ, ಬಿ.ಪಿ.ಯ ಮಾತ್ರೆ. ಕ್ಲಸ್ಟರ್‌ಗೆ ಕೊಡುವ ಪ್ರಮಾಣ ಹೆಚ್ಚು. ಅದು ಹೃದಯದ ವಿದ್ಯುತ್ ಸಂಕೇತವನ್ನು ನಿಧಾನಿಸಬಲ್ಲದು, ಅದಕ್ಕೇ ಶುರುಮಾಡುವಾಗಲೂ ಪ್ರಮಾಣ ಏರಿಸುವಾಗಲೂ ಇ.ಸಿ.ಜಿ. ತೆಗೆಸುತ್ತಾರೆ. ನಾಡಿ ಇಳಿದಿರುವುದರಿಂದ 220ರಲ್ಲಿ ವಯಸ್ಸು ಕಳೆಯುವ ಜಿಮ್ಮಿನ ಸೂತ್ರ, ಕೈಗಡಿಯಾರದ ಎದೆಬಡಿತದ ಅಂಕಿ ಎರಡೂ ದಾರಿ ತಪ್ಪಿಸುತ್ತವೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ಹಳೆಯ ಅಳತೆಯೇ ಸಾಕು. ತಲೆ ಸುತ್ತಿದರೆ, ಕಣ್ಣು ಕತ್ತಲಿಟ್ಟರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಲಿಥಿಯಂ ತೆಗೆದುಕೊಳ್ಳುವವರು ಇನ್ನೂ ಜಾಗ್ರತೆಯಾಗಿರಬೇಕು. ಅದರ ಹಿತವಾದ ಮಟ್ಟಕ್ಕೂ ವಿಷದ ಮಟ್ಟಕ್ಕೂ ಅಂತರ ಕಡಿಮೆ. ಬೆವರು ಸುರಿದು ಮೈಯ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಮತ್ತೂ ಏರುತ್ತದೆ. ಕೈ ನಡುಗಿದರೆ, ವಾಂತಿಯಾದರೆ, ಹೆಜ್ಜೆ ತಪ್ಪಿದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬಾರದು. ಟೋಪಿರಮೇಟ್ ಇದಕ್ಕೆ ತಿರುಗುಮುರುಗು: ಕೆಲವರಿಗೆ ಬೆವರೇ ಬರದಂತೆ ಮಾಡುತ್ತದೆ, ಮೈಶಾಖ ಹೊರಹೋಗುವ ದಾರಿ ಮುಚ್ಚುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ವಿಷಯವಲ್ಲ. ಅಂಥವರಿಗೆ ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ಸರಿ.

ತಪ್ಪು ಕಲ್ಪನೆ: ಕ್ಲಸ್ಟರ್ ಇದೆ ಎಂದು ಗೊತ್ತಿದೆಯಲ್ಲ, ವ್ಯಾಯಾಮ ಮಾಡುವಾಗ ಬಂದ ತಲೆನೋವೂ ಅದೇ.

ವಾಸ್ತವ: ಹೀಗೆ ಅಂದುಕೊಂಡು ಸುಮ್ಮನಿರುವುದು ಅಪಾಯ. ಭಾರ ಎತ್ತುವಾಗಲೋ ಓಡುವಾಗಲೋ ಸಿಡಿಲು ಬಡಿದ ಹಾಗೆ, ನಿಮಿಷದೊಳಗೆ ಶಿಖರ ಮುಟ್ಟುವ ನೋವು ಬಂದರೆ, ವಾಂತಿಯೋ ಕತ್ತು ಬಿಗಿಯುವುದೋ ಪ್ರಜ್ಞೆ ತಪ್ಪುವುದೋ ಜೊತೆಗಿದ್ದರೆ ಅದು ಮಿದುಳಿನ ರಕ್ತಸ್ರಾವ ಇರಬಹುದು. ನೇರ ತುರ್ತುಚಿಕಿತ್ಸೆಗೆ ಹೋಗಬೇಕು. ಕುತ್ತಿಗೆ ಉಳುಕಿದ ಮೇಲೆ ಕುತ್ತಿಗೆ ನೋವಿನ ಜೊತೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ ಕುತ್ತಿಗೆಯ ರಕ್ತನಾಳದ ಪದರ ಹರಿದಿರಬಹುದು. ಅದು ಕ್ಲಸ್ಟರ್‌ನ ವೇಷದಲ್ಲೇ ಬರುತ್ತದೆ. ನಡೆದರೆ ಬರುವ, ನಿಂತರೆ ಹೋಗುವ ತಲೆನೋವು ನಡುವಯಸ್ಸು ದಾಟಿದವರಲ್ಲಿ ಹೃದಯದ್ದೂ ಆಗಿರಬಹುದು. ಅಪರೂಪ, ಆದರೆ ಅಂಥವರಿಗೆ ಕ್ಲಸ್ಟರ್ ಎಂದು ತಿಳಿದು ಟ್ರಿಪ್ಟಾನ್ ಚುಚ್ಚಿದರೆ ಅನಾಹುತ. ಮೊದಲ ಸಲ ಕ್ಲಸ್ಟರ್ ಅನುಮಾನ ಬಂದಾಗಲೇ ನರರೋಗ ತಜ್ಞರಿಗೆ ತೋರಿಸಿ ಎಂ.ಆರ್.ಐ. ಮಾಡಿಸುವುದು ಇಂಥವನ್ನು ಹೊರಗಿಡುವುದಕ್ಕೇ.

ತಪ್ಪು ಕಲ್ಪನೆ: ಇದು ಗಂಡಸರ ಕಾಯಿಲೆ.

ವಾಸ್ತವ: ಗಂಡಸರಲ್ಲಿ ಹೆಚ್ಚು, ಅಷ್ಟೇ. ಹೆಂಗಸರಿಗೂ ಬರುತ್ತದೆ, ಮೈಗ್ರೇನ್ ಎಂಬ ಚೀಟಿ ಅಂಟಿಸಿಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ.

ತಪ್ಪು ಕಲ್ಪನೆ: ಮೈಬಗ್ಗಿಸಿ ದುಡಿಯುವವರಿಗೆ ಇಂಥದ್ದೆಲ್ಲ ಬರುವುದಿಲ್ಲ. ಬರೀ ಟೆನ್ಷನ್.

ವಾಸ್ತವ: ಗದ್ದೆಯಲ್ಲಿ ದುಡಿಯುವವರ ತಲೆಯೊಳಗೂ ಅದೇ ಹೈಪೊಥಲಮಸ್ ಇದೆ. ಇನ್ನು ಟೆನ್ಷನ್ ಎಂಬ ಮಾತು. ನಾಳೆ ರಾತ್ರಿ ಒಂದೂವರೆಗೆ ಮತ್ತೆ ಬರುತ್ತದೆ ಎಂದು ಗೊತ್ತಿರುವ ಮನುಷ್ಯ ನಿದ್ದೆಗೆ ಹೆದರುತ್ತಾನೆ, ಬದುಕಿಗೂ ಬೇಸರಪಡುತ್ತಾನೆ. ಸೀಸನ್ನಿನ ನಡುವೆ ಸಾಯುವ ಮಾತು ಬಂದರೆ ಮನೆಯವರು ಅದನ್ನು ನಾಟಕ ಎಂದುಕೊಳ್ಳದೆ ಒಬ್ಬರನ್ನೇ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೇಷ್ಟ್ರಿಗೆ ಕೊನೆಗೆ ವಿಷಯ ಹೇಳಿದ್ದು ಅಕ್ಕ. ಮೊದಲು ಅವರು ನಂಬಲಿಲ್ಲ, ಆಮೇಲೆ ಅವರಿಗೆ ತೋಚಿದ ಕಷಾಯ ಹೇಳಿದರು. ಕಳೆದ ಸೀಸನ್ನಿನಲ್ಲಿ ಭಾವನ ಮಂಚದ ಪಕ್ಕ ಸಿಲಿಂಡರ್ ಇತ್ತು. ಹೆಚ್ಚಿನ ರಾತ್ರಿ ತಾರಸಿಗೆ ಹೋಗುವ ಪ್ರಮೇಯ ಬರಲಿಲ್ಲ. ಒಂದು ರಾತ್ರಿ ಗ್ಯಾಸ್ ಮುಗಿದುಹೋಗಿ ಮೇಲೆ ಹತ್ತಿದರು. ಪಕ್ಕದ ಮನೆಯ ತಾರಸಿಯ ಲೈಟು ಹೊತ್ತಿಕೊಂಡಿತು. ಯಾರೂ ಮಾತಾಡಲಿಲ್ಲ. ನೋವು ನಿಂತು ಭಾವ ಕೆಳಗಿಳಿಯುವವರೆಗೂ ಅದು ಉರಿಯುತ್ತಿತ್ತು.